‘ಶ’ ಎಂಬ ಬಾಲಕನ ತಾಯಿ

ಬೆಳ್ಳಾರೆ
೧೨-೧-೧೯೫೫

ಪ್ರೀತಿಯ ತಮ್ಮ ಮೋಹನನಿಗೆ,

ನೀನು ಮದ್ರಾಸಿನಲ್ಲಿ ಎಂ.ಎ. ಮುಗಿಸಿ ಮನಸ್ಸಿನ ಡಾಕ್ಟರರೊಬ್ಬರ ಕೈಕೆಳಗೆ ಕೆಲಸಕ್ಕೆ ಸೇರಿದ ಸುದ್ದಿ ಇವರ ಬಾಯಿಂದ ತಿಳಿಯಿತು. ಅಕ್ಕನಿಗೇ ಒಂದು ಕಾರ್ಡು ಬರೆಯಬಹುದಿತ್ತು. ಇರಲಿ. ಅಲ್ಲಿ ಮಜ್ಜಿಗೆ ಸಿಗುತ್ತದೋ ಇಲ್ಲವೋ ಎಂಬುದೇ ನನ್ನ ಚಿಂತೆ.

ಇವರು ಇಚಿಲಂಪಾಡಿ ಶಾಲೆಗೆ ವರ್ಗವಾದ ಮೇಲೆ ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೊರಡುತ್ತಾರೆ. ಉಳಿದ ದಿನ ನಾನು, ಶ್ಯಾಮಲೆ, ಎರಡು ದನ, ವಾಚನಾಲಯದಿಂದ ತಂದ ಪುಸ್ತಕ. ಶ್ಯಾಮಲೆಗೆ ಬರುವ ತಿಂಗಳು ಆರು ತುಂಬುತ್ತದೆ. ಜಡೆ ಸೊಂಟ ಮುಟ್ಟಿದೆ. ಮೊನ್ನೆ ತಲೆ ಬಾಚುವಾಗ, “ಅಮ್ಮ, ನಾನು ದೊಡ್ಡವಳಾದ ಮೇಲೆ ಅಪ್ಪನ ಹಾಗೆ ಮೀಸೆ ಬರುದು ಯಾವಾಗ?” ಎಂದು ಕೇಳಿತು. ಹಿತ್ತಿಲ ಬಾಗಿಲಲ್ಲಿ ಕೂತಿದ್ದ ನೆರೆಮನೆಯ ಕದೀಜಮ್ಮ ಬಾಯಲ್ಲಿದ್ದ ಎಲೆಯಡಿಕೆ ಚೆಲ್ಲುವಷ್ಟು ನಕ್ಕರು. “ಯಾ ಅಲ್ಲಾ, ನನ್ನ ಮಗಳಿಗೆ ಮೀಸೆ ಬಂದರೆ ಮದುವೆ ಆಗುದು ಯಾರು?” ಹುಟ್ಟಿದ ಹನ್ನೊಂದನೇ ದಿನ ಮಗುವನ್ನು ಗೆರಸೆಯಲ್ಲಿ ಮಲಗಿಸಿ, ಒಂದು ಸೇರು ತೌಡಿಗೆ ಅವರಿಗೆ ಮಾರಿದ ಶಾಸ್ತ್ರ ಮಾಡಿದ್ದೆವಲ್ಲ, ಅವರು ಅದನ್ನು ಇನ್ನೂ ಬಿಟ್ಟಿಲ್ಲ. ನನ್ನ ಮಗಳು, ಸಾಕಲಿಕ್ಕೆ ಮಾತ್ರ ನಿಮ್ಮಲ್ಲಿ ಬಿಟ್ಟದ್ದು ಎನ್ನುತ್ತಾರೆ.

ಕಾಗದ ಬರೆ. ಶ್ಯಾಮಲೆಗಾಗಿ ಒಂದು ಸಾಲು ಬೇರೆ ಬರೆ.

ನಿನ್ನ ಅಕ್ಕ,
ಮೂಕಾಂಬಿಕಾ

*

ಮದ್ರಾಸು
೩-೨-೧೯೫೫

ಅಕ್ಕನಿಗೆ ನಮಸ್ಕಾರ.

ಮಜ್ಜಿಗೆ ಸಿಗುತ್ತದೆ. ಒಂದು ಮಾತನ್ನು ನೇರವಾಗಿ ಹೇಳುತ್ತೇನೆ, ಸಿಟ್ಟಾಗಬೇಡ. ಶ್ಯಾಮಲೆ ಎಂಬ ಮಗಳು ನಿನಗಿಲ್ಲ. ನಿನಗಿರುವುದು ಶ್ಯಾಮ, ಗಂಡು ಮಗ. ಅವನಿಗಿಂತ ಮೊದಲು ಹುಟ್ಟಿದ ಮೂವರು ಗಂಡು ಮಕ್ಕಳು ತೀರಿಕೊಂಡರು. ಇವನೊಬ್ಬನಾದರೂ ಸಾವಿನ ಕಣ್ಣಿಗೆ ಬೀಳದಿರಲಿ ಎಂದು ಮೂಗು ಚುಚ್ಚಿಸಿ, ಲಂಗ ಉಡಿಸಿ, ಹೆಣ್ಣೆಂದು ಕರೆದು ಸಾಕುವ ಹರಕೆ ಹೇಳಿಕೊಂಡೆ. ಅದನ್ನು ನೋಡಿ ನಗುವವ ನಾನಲ್ಲ. ಆದರೆ ಊರಿನಲ್ಲಿ ನಾನು ಕಂಡ ಇಂಥ ಹರಕೆಗಳೆಲ್ಲ ಮೂರು ವರ್ಷಕ್ಕೆ, ಸುಬ್ರಹ್ಮಣ್ಯದಲ್ಲಿ ಮುಡಿ ಕೊಡುವುದರೊಂದಿಗೆ ಮುಗಿದಿವೆ. ಶ್ಯಾಮನಿಗೆ ಆರು. ಇನ್ನೂ ಏಕೆ?

ನಾನಿಲ್ಲಿ ಕಲಿಯುತ್ತಿರುವ ಶಾಸ್ತ್ರ ಹೇಳುವುದಿಷ್ಟು. ಗಂಡು ಮಗು ಮೊದಲು ತಾಯಿ ತನ್ನವಳೇ ಎಂದುಕೊಳ್ಳುತ್ತದೆ. ತಂದೆ ಅದಕ್ಕೆ ಎದುರಾಳಿ. ಅವನಿಗೆ ಹೆದರುತ್ತದೆ, ಕೊನೆಗೆ ಸೋಲೊಪ್ಪಿ ತಾಯಿಯನ್ನು ಬಿಟ್ಟು ತಂದೆಯಂತಾಗಲು ಹೊರಡುತ್ತದೆ. ಗಂಡು ಗಂಡಾಗುವುದು ಈ ದಾರಿಯಲ್ಲಿ, ಅದೂ ಆರರೊಳಗೆ. ತಾಯಿ ಕೈ ಬಿಡದಿದ್ದರೆ ದಾರಿ ಮುಚ್ಚಿಹೋಗುತ್ತದೆ. ‘ದೊಡ್ಡವಳಾದ ಮೇಲೆ ಮೀಸೆ’ ಎಂಬ ಮಾತು ನಿಮಗೆ ನಗೆಯಾಯಿತು. ನಾನು ಅದರ ಮೇಲೆ ಎರಡು ದಿನ ಯೋಚಿಸಿದ್ದೇನೆ.

ಹರಕೆ ಯಾವಾಗ ಮುಗಿಯುತ್ತದೆ, ತಿಳಿಸು.

ನಿನ್ನ ತಮ್ಮ,
ಕೃಷ್ಣಮೋಹನ

*

ಬೆಳ್ಳಾರೆ
೨೦-೨-೧೯೫೫

ಪ್ರೀತಿಯ ಮೋಹನ,

ನಿನ್ನ ಶಾಸ್ತ್ರವನ್ನು ಎರಡು ಸಲ ಓದಿದೆ. ಆ ಎದುರಾಳಿ ಶನಿವಾರ ಸಂಜೆ ಗೇಟಿನ ಹತ್ತಿರ ಕಂಡಕೂಡಲೇ ಮಗು ಓಡಿ ಹೋಗಿ ಛತ್ರಿ ಕಸಿದುಕೊಳ್ಳುತ್ತದೆ. ಇವರ ಚಪ್ಪಲಿಯಲ್ಲಿ ಕಾಲು ತುರುಕಿ, ಕೈ ಹಿಂದೆ ಕಟ್ಟಿ, “ಏಯ್, ಮಗ್ಗಿ ಹೇಳು!” ಎಂದು ದನಗಳಿಗೆ ಗದರುತ್ತದೆ. ಲಂಗ ಉಟ್ಟೇ ಗದರುತ್ತದೆ. ತಂದೆಯಂತಾಗುವ ದಾರಿ ನಮ್ಮ ಅಂಗಳದಲ್ಲಿ ಮುಚ್ಚಿದ್ದು ನನಗೆ ಕಾಣಲಿಲ್ಲ. ನಿನ್ನ ಡಾಕ್ಟರರು ಯಾವ ಊರಿನ ಅಂಗಳ ನೋಡಿ ಬರೆದರೋ.

ಹರಕೆಯ ಮಾತು ಕೇಳಬೇಡ. ಹೇಳಿಕೊಂಡದ್ದು ನಾನೊಬ್ಬಳೇ, ಮನಸ್ಸಿನಲ್ಲೇ. ಇವರಿಗೂ ಅವಧಿ ತಿಳಿಸಿಲ್ಲ. ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಬರೆಯುವುದೂ ಇಲ್ಲ. ಇಂಥದ್ದನ್ನು ಹೇಳಿಬಿಟ್ಟರೆ ಕೆಟ್ಟಿತು ಎಂದು ಅಜ್ಜಿ ಎಷ್ಟು ಸಲ ಹೇಳಿಲ್ಲ? ಮದ್ರಾಸಿಗೆ ಹೋದವರು ಅದನ್ನೂ ಮರೆಯುತ್ತಾರೆಯೇ?

ಶ್ಯಾಮಲೆಗೆ ಒಂದು ಸಾಲು ಬರೆಯಲು ನೀನು ಮರೆತಿದ್ದೀ. ದಿನಾ ಕೇಳುತ್ತಾಳೆ.

ಅಕ್ಕ

*

ಮದ್ರಾಸು
೧೮-೪-೧೯೫೫

ಪ್ರಿಯ ಅಕ್ಕ,

ನಾನು ಕೇಳಿದ್ದು ಒಂದೇ ಪ್ರಶ್ನೆ. ಅದೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಉತ್ತರಿಸಿದ್ದೀ, ಅದೂ ಹಾಸ್ಯ ಮಾಡಿ. ನಮ್ಮಲ್ಲಿ ಇದಕ್ಕೆ ಪ್ರತಿರೋಧ ಎನ್ನುತ್ತೇವೆ. ಯಾವ ಪ್ರಶ್ನೆಗೆ ಬಾಯಿ ಮುಚ್ಚುತ್ತದೆಯೋ ಅಲ್ಲಿಯೇ ಗಾಯ ಇರುತ್ತದೆ. ಹರಕೆ ಎಂದೋ ಮುಗಿದಿದೆ, ಬಿಡಲಾರದವಳು ನೀನು ಎಂದೇ ನನ್ನ ಅನುಮಾನ. ಒಂದು ಹೆಣ್ಣು ಮಗು ಬೇಕೆಂಬ ಆಸೆ ನಿನಗೆ ಮೊದಲಿನಿಂದಲೂ ಇತ್ತಲ್ಲವೇ? ಚಿಕ್ಕಂದಿನಲ್ಲಿ ನನಗೂ ಲಂಗ ಉಡಿಸಿ ಆಡಿಸಿದ್ದು ನನಗೆ ನೆನಪಿದೆ.

ಜೂನಿನಲ್ಲಿ ಅವನನ್ನು ಶಾಲೆಗೆ ಸೇರಿಸಬೇಕು. ಭಾವನ ಜೊತೆ ಕೂತು ಶಾಂತವಾಗಿ ಯೋಚಿಸು. ಮಗುವಿನ ಒಂದು ಫೋಟೋ, ಜಡೆ ಕಾಣುವಂತೆ ತೆಗೆಸಿ, ಬೇಗ ಕಳಿಸು.

ಕೃಷ್ಣಮೋಹನ

*

ಬೆಳ್ಳಾರೆ
೯-೬-೧೯೫೫

ಮೋಹನ,

ನೀನು ಫೋಟೋ ಕೇಳಿದ್ದೆ. ಇನ್ನು ತೆಗೆಸಲು ಏನೂ ಇಲ್ಲ.

ಮೇ ೨೩ರಂದು ಇವರು, “ಪುತ್ತೂರಿಗೆ ಹೋಗಿ ಬರ್ತೇವೆ, ಮಗುವಿಗೆ ಬಸ್ಸು ಹತ್ತುವ ಆಸೆ ಉಂಟಂತೆ” ಎಂದರು. ನಾನೇ ಹೊಸ ಲಂಗ ಉಡಿಸಿ ಕಳಿಸಿದೆ. ಅಬ್ಬಲಿಗೆ ಮುಡಿಸಿದೆ. ಸಂಜೆಯ ಬಸ್ಸಿಗೆ ಬರಲಿಲ್ಲ. ಬಂದದ್ದು ಕದೀಜಮ್ಮನ ಮಗ ಉಸ್ಮಾನ್. ತನ್ನ ಜವಳಿ ಅಂಗಡಿಗೆ ಬಟ್ಟೆ ತರಲು ಹೋಗಿದ್ದವ, ಪುತ್ತೂರಿನ ಕ್ಷೌರದಂಗಡಿಯಲ್ಲಿ ಇವರನ್ನು ಕಂಡನಂತೆ. “ಮಾಷ್ಟ್ರೇ, ಎಂತ ಇದು?” ಎಂದದ್ದಕ್ಕೆ ಇವರು ಮುಖ ತಿರುಗಿಸಿದರಂತೆ. ಮಗು ಅಳಲಿಲ್ಲವಂತೆ. ಕನ್ನಡಿಯಲ್ಲಿ ನೋಡಿಕೊಂಡು, “ಅಮ್ಮನಿಗೆ ಗೊತ್ತುಂಟಾ?” ಎಂದು ಮೂರು ಸಲ ಕೇಳಿತಂತೆ. ಮೂರೂ ಸಲ “ಗೊತ್ತುಂಟು” ಎಂದರಂತೆ ಇವರು.

ಅಲ್ಲಿಂದಲೇ ಇಚಿಲಂಪಾಡಿಗೆ ಕರೆದುಕೊಂಡು ಹೋಗಿದ್ದಾರೆ. ಉಸ್ಮಾನನ ಕೈಯಲ್ಲಿ ಚೀಟಿ ಕೊಟ್ಟಿದ್ದರು: “ಮೋಹನನ ಸಲಹೆಯಂತೆ ಮಾಡಿದ್ದೇನೆ. ಅವನ ನಾಲ್ಕು ಕಾಗದಗಳೂ ನನ್ನಲ್ಲಿವೆ. ಮಗು ಇನ್ನು ನನ್ನ ಜೊತೆ ಬಾಡಿಗೆ ಕೋಣೆಯಲ್ಲಿದ್ದು ನನ್ನ ಶಾಲೆಗೇ ಬರುತ್ತಾನೆ.” ನಾಲ್ಕು. ನನಗೆ ಬರೆದದ್ದು ಎರಡು.

ಶಾಲೆಯಲ್ಲಿ ಜೊತೆಯವರು ಇವರನ್ನು, “ಮಾಷ್ಟ್ರ ಮಗ ಸೀರೆ ಉಡುದು ಯಾವಾಗ ಮಾರಾಯ್ರೆ?” ಎಂದು ಛೇಡಿಸುತ್ತಿದ್ದರು, ನನಗೆ ಗೊತ್ತು. ಇವರಿಗೆ ನಾಚಿಕೆಯಾಯಿತು. ನಿನಗೆ ಏನಾಗಿತ್ತು?

ಕದೀಜಮ್ಮ ಕೇಳಿದರು, “ಅಲ್ಲ ಮೂಕಾಂಬಿಕಮ್ಮ, ಆ ಮದ್ರಾಸಿನವನನ್ನು ಹೆತ್ತದ್ದು ಅಪ್ಪನಾ?” ನಗಲು ಆಗಲಿಲ್ಲ.

ಮೂಕಾಂಬಿಕಾ

*

ಮದ್ರಾಸು
೨೫-೬-೧೯೫೫

ಪ್ರಿಯ ಅಕ್ಕ,

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿದವನ ಮೇಲೆ ರೋಗಿಗೂ ಸಿಟ್ಟು ಬರುತ್ತದೆ. ಭಾವನಿಗೆ ಬರೆದದ್ದನ್ನು ನಿನಗೆ ತಿಳಿಸದಿದ್ದುದು, ತಿಳಿಸಿದರೆ ಆಗುತ್ತಿರಲಿಲ್ಲ ಎಂಬ ಕಾರಣಕ್ಕೆ.

ಈಗ ಮುಖ್ಯ ಮಾತು. ಒಂದು ವರ್ಷ ನೀನು ಅವನನ್ನು ನೋಡಬಾರದು. ಒಂದು ಸಲ, ದೂರದಿಂದ ಕಂಡರೂ ಅವನು ಹಿಂದಕ್ಕೆ ಜಾರುತ್ತಾನೆ, ಮಾಡಿದ್ದೆಲ್ಲ ಹಾಳು. ಶನಿವಾರ ಭಾವ ಒಬ್ಬರೇ ಬರಲಿ. ಮಗು ಆಗ ಕೋಣೆಯ ಯಜಮಾನರ ಮನೆಯಲ್ಲಿರುತ್ತಾನೆ. ಅವನ ಒಳ್ಳೆಯದಕ್ಕೆಂದು ತಡೆದುಕೋ.

ಕೃಷ್ಣಮೋಹನ

*

ಬೆಳ್ಳಾರೆ
೨-೩-೧೯೫೬

ಮೋಹನ,

ಕಳೆದ ತಿಂಗಳು ಶ್ಯಾಮನಿಗೆ ಏಳು ತುಂಬಿತು. ಈಗ ಶ್ಯಾಮ ಎಂದು ಬರೆಯಬಹುದು. ಈಗ ಎಲ್ಲವನ್ನೂ ಬರೆಯಬಹುದು.

ನನ್ನ ದೊಡ್ಡವನು ತೀರಿಕೊಂಡಾಗ ಅವನಿಗೆ ಆರು ವರ್ಷ ನಾಲ್ಕು ತಿಂಗಳು. ಮೂರು ವರ್ಷದ ಹರಕೆ ನನಗೆ ಹೇಗೆ ಸಾಕಾಗುತ್ತಿತ್ತು? ಏಳು ತುಂಬುವವರೆಗೆ ಎಂದು ಹೇಳಿಕೊಂಡಿದ್ದೆ. ಅದು ಮುಗಿದ ಮರುದಿನವೇ ಸುಬ್ರಹ್ಮಣ್ಯದಲ್ಲಿ ಮುಡಿ ಕೊಟ್ಟು, ಚಡ್ಡಿ ಅಂಗಿ ಹಾಕಿಸಿ, ಇವರ ಕೈಗೆ ಕೊಡುವವಳಿದ್ದೆ. ಚಡ್ಡಿಗೆ ಬಟ್ಟೆಯನ್ನು ಉಸ್ಮಾನನಲ್ಲಿ ತೆಗೆದೂ ಇಟ್ಟಿದ್ದೆ. ನೀವು ಕತ್ತರಿ ಹಾಕಿದ ದಿನ ಒಂಬತ್ತು ತಿಂಗಳು ಉಳಿದಿತ್ತು. ಆ ಒಂಬತ್ತು ತಿಂಗಳು ದಿನಕ್ಕೊಮ್ಮೆ, ಇವತ್ತು ಜ್ವರ ಬಂತು, ಇವತ್ತು ಹೊಳೆಗೆ ಬಿದ್ದ ಎಂಬ ಸುದ್ದಿ ಬರುತ್ತದೆಂದೇ ಕೂತಿದ್ದೆ. ಬರಲಿಲ್ಲ. ಹರಕೆ ಸುಳ್ಳು ಎನ್ನುತ್ತೀಯಾ? ಅನ್ನು. ಮಗು ಇದೆ, ಅಷ್ಟು ಸಾಕು.

ಒಂದು ವರ್ಷ ಎಂದು ನೀನು ಬರೆದಿದ್ದೆ. ಮೇ ೨೩ಕ್ಕೆ ಮುಗಿಯುತ್ತದೆ. ೨೪ಕ್ಕೆ ನಾನು ಇಚಿಲಂಪಾಡಿಗೆ ಹೋಗುತ್ತೇನೆ. ಆಗಬಹುದು ಎಂದು ಇವರಿಗೆ ಒಂದು ಮಾತು ಬರೆ. ಇವರು ನಿನ್ನ ಅಪ್ಪಣೆ ಇಲ್ಲದೆ ನೀರು ಕುಡಿಯುವುದಿಲ್ಲ.

ಮೂಕಾಂಬಿಕಾ

*

ಮದ್ರಾಸು
೧-೮-೧೯೫೬

ಪ್ರಿಯ ಅಕ್ಕ,

ಉತ್ತರ ತಡವಾಯಿತು. ನನ್ನ ಪ್ರಬಂಧದ ಕೊನೆಯ ಕೆಲಸ ನಡೆಯುತ್ತಿತ್ತು. ಮೇ ತಿಂಗಳಲ್ಲಿ ನೀನು ಹೋಗಲಿಲ್ಲ ಎಂದು ಭಾವ ತಿಳಿಸಿದರು. ಸಂತೋಷ. ಅವನು ಮರ ಹತ್ತುತ್ತಾನಂತೆ, ಜಗಳವಾಡುತ್ತಾನಂತೆ, ನಿನ್ನ ಹೆಸರೆತ್ತುವುದಿಲ್ಲವಂತೆ. ಇವೆಲ್ಲ ಒಳ್ಳೆಯ ಲಕ್ಷಣ. ಇನ್ನೊಂದು ವರ್ಷ ಹೀಗೆಯೇ ಇರಲಿ.

ನೀನು ಬರೆದ ಏಳು ವರ್ಷದ ವಿಷಯ ಸ್ವಾರಸ್ಯವಾಗಿದೆ. ನಡೆದುಹೋದ ಮೇಲೆ ಮನಸ್ಸು ಇಂಥ ಕಾರಣಗಳನ್ನು ಜೋಡಿಸಿಕೊಳ್ಳುವುದುಂಟು.

ಕೃಷ್ಣಮೋಹನ

*

ಬೆಳ್ಳಾರೆ
೧೪-೧೧-೧೯೬೩

ಡಾಕ್ಟರ್ ಕೃಷ್ಣಮೋಹನರಿಗೆ,

ಏಳು ವರ್ಷ ನಿನಗೆ ಕಾಗದ ಹಾಕಿರಲಿಲ್ಲ. ಈ ಸಲದ ಮಾಸಪತ್ರಿಕೆಯಲ್ಲಿ ನಿನ್ನ ಲೇಖನ ಓದಿದೆ. ‘ಲಂಗದಿಂದ ಬಿಡುಗಡೆ: ಬಾಲಕ ಶ’. ವಾಚನಾಲಯದ ಮೇಜಿನ ಮೇಲೆಯೇ ಇತ್ತು. ಮೊದಲು ಓದಿದ್ದು ಕಾಗದ ಹಂಚುವ ಪೋಕರ್. “ಅಮ್ಮ, ಇದರಲ್ಲಿ ನಿಮ್ಮ ಮನೆ ಉಂಟು” ಎಂದು ತೋರಿಸಿದ. ಘಟ್ಟದ ಬುಡದ ಒಂದು ಹಳ್ಳಿ, ಶಾಲಾ ಮಾಸ್ತರ ತಂದೆ, ಮೂರು ಸತ್ತ ಮಕ್ಕಳು. ಹೆಸರು ಬಿಟ್ಟರೆ ಗುರುತು ಸಿಗುವುದಿಲ್ಲ ಎಂದುಕೊಂಡೆಯಾ?

‘ಶ’ನ ತಾಯಿ ಎಂಥವಳು ಎಂದು ನಿನ್ನಿಂದ ತಿಳಿಯಿತು. ‘ಓದಿದವಳು, ಹಟಮಾರಿ, ಗಂಡನ ಮೇಲೆ ಅಧಿಕಾರ ನಡೆಸುವವಳು, ಹೆಣ್ಣು ಮಗುವಿಲ್ಲದ ಕಹಿಯನ್ನು ಗಂಡು ಮಗುವಿನ ಮೇಲೆ ತೀರಿಸಿಕೊಂಡವಳು. ಹರಕೆಯ ಅವಧಿಯನ್ನು ಕೇಳಿದಾಗ ಹಗೆಯ ಮೌನ ತಾಳಿದಳು.’ ನಾನು ಏಳು ವರ್ಷ ಎಂದು ಬರೆದ ಕಾಗದ ನಿನ್ನಲ್ಲಿ ಇಲ್ಲವೇ? ೨-೩-೧೯೫೬. ನನಗೆ ತಾರೀಕು ನೆನಪಿದೆ. ಬೇಕಾದರೆ ಎಲ್ಲ ಕಾಗದಗಳ ತಾರೀಕೂ ಹೇಳುತ್ತೇನೆ.

ನಿನಗೆ ಲಂಗ ಉಡಿಸಿದ್ದನ್ನೂ ಬರೆದಿದ್ದೀ, ‘ತಾಯಿಯ ಬಾಲ್ಯದ ಪ್ರವೃತ್ತಿ’ ಎಂದು. ಆಗ ನಿನಗೆ ನಾಲ್ಕು, ನನಗೆ ಹನ್ನೊಂದು. ನಿನ್ನ ಚಡ್ಡಿ ಒಣಗಿರಲಿಲ್ಲ. ಬೆತ್ತಲೆ ಇರಲಾರೆ ಎಂದು ಅತ್ತವ ನೀನು. ಕೈಗೆ ಸಿಕ್ಕಿದ್ದನ್ನು ಉಡಿಸಿದೆ. ಇದಕ್ಕೆ ನಿನ್ನ ಶಾಸ್ತ್ರ ಹುಟ್ಟಿದ ವಿಯೆನ್ನಾದಲ್ಲಿ ಏನೆನ್ನುತ್ತಾರೆ?

ನಿನ್ನ ಲೇಖನದ ಕೊನೆಯ ಸಾಲು: ‘ಇಂದು ಶ ಪೂರ್ಣ ಆರೋಗ್ಯವಂತ ಬಾಲಕ.’ ಆರೋಗ್ಯವಂತ ಹೌದು. ಇವರಿಗೆ ಪುತ್ತೂರಿಗೆ ವರ್ಗವಾದ ಮೇಲೆ ಅಲ್ಲಿನ ಹೈಸ್ಕೂಲಿಗೆ ಹೋಗುತ್ತಾನೆ. ಎಂಟು ತುಂಬಿದ ಮೇಲೆ ನೋಡಲು ಬಿಟ್ಟಿರಿ. ರಜೆಯಲ್ಲಿ ಎರಡು ದಿನ ಬಂದು ಜಗಲಿಯಲ್ಲಿ ಮಲಗುತ್ತಾನೆ. ಬಡಿಸಿದ್ದನ್ನು ಉಣ್ಣುತ್ತಾನೆ, ಇನ್ನು ಸ್ವಲ್ಪ ಬೇಕೆಂದು ಕೇಳುವುದಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಿದವನಲ್ಲ. ನನ್ನ ಕೈ ತಲೆಗೆ ತಾಗಿದರೆ ಬೆಚ್ಚುತ್ತಾನೆ. ಇದನ್ನು ಯಾಕೆ ಬರೆಯಲಿಲ್ಲ? ನಿನಗೆ ಗೊತ್ತಿರಲಿಲ್ಲ. ನೀನು ಎಂಟು ವರ್ಷದಲ್ಲಿ ಒಮ್ಮೆಯೂ ಬಂದು ಅವನನ್ನು ನೋಡಿಲ್ಲ.

ಮೂಕಾಂಬಿಕಾ

*

ಮದ್ರಾಸು
೧೦-೪-೧೯೬೪

ಪ್ರಿಯ ಅಕ್ಕ,

ಲೇಖನ ನಿನ್ನ ಕೈಗೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಅದು ಮೊದಲು ಇಂಗ್ಲಿಷಿನಲ್ಲಿ ಬಂದದ್ದು.

ನೀನು ಓದುವವಳಾದ್ದರಿಂದ ಹೇಳುತ್ತೇನೆ. ಈಚೆಗೆ ನಮ್ಮ ಶಾಸ್ತ್ರದಲ್ಲಿ ಹೊಸ ವಿಚಾರ ಬರುತ್ತಿದೆ. ತಾನು ಗಂಡು, ತಾನು ಹೆಣ್ಣು ಎಂಬ ಅರಿವು ಎರಡು ಮೂರು ವರ್ಷಕ್ಕೇ ಮಗುವಿನಲ್ಲಿ ನೆಲೆಗೊಂಡುಬಿಡುತ್ತದೆ, ಆರರವರೆಗೆ ಕಾಯುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಶ್ಯಾಮನಿಗೆ ತಾನು ಗಂಡೆಂದು ಮೊದಲೇ ಗೊತ್ತಿದ್ದಿರಬೇಕು. ಮೀಸೆಯ ಮಾತನ್ನು ಆ ದೃಷ್ಟಿಯಲ್ಲಿ ಮತ್ತೆ ನೋಡಬೇಕಾಗಿದೆ. ಎಳೆಯ ಮಗುವನ್ನು ತಾಯಿಯಿಂದ ದೂರ ಮಾಡುವುದರ ಬಗ್ಗೆಯೂ ಈಗ ಬೇರೆ ಅಭಿಪ್ರಾಯಗಳಿವೆ. ವಿಜ್ಞಾನ ಬೆಳೆಯುವುದೇ ಹೀಗೆ. ಅಂದು ತಿಳಿದಿದ್ದರಲ್ಲಿ ಅಂದು ಮಾಡಿದ್ದು ಸರಿ.

ಕೃಷ್ಣಮೋಹನ

*

ಬೆಳ್ಳಾರೆ
೨೯-೫-೧೯೬೬

ಮೋಹನ,

ನಿನ್ನ ಹಿಂದಿನ ಕಾಗದಕ್ಕೆ ಎರಡು ವರ್ಷ ಉತ್ತರ ಬರೆಯಲಿಲ್ಲ. ಬರೆದು ಹರಿದೆ. ಇವತ್ತು ಜಗಳಕ್ಕಲ್ಲ, ಒಂದು ಬೇಡಿಕೆಗಾಗಿ ಬರೆಯುತ್ತಿದ್ದೇನೆ.

ಶ್ಯಾಮ ಮಂಗಳೂರಿನ ಕಾಲೇಜಿಗೆ ಸೇರುತ್ತಾನೆ. ಹೋಗುವ ಮುಂಚೆ ಹೇಳಿ ಹೋಗಲು ಬಂದಿದ್ದ. ಹದಿನೇಳು ವರ್ಷ. ಊಟವಾದ ಮೇಲೆ ಜಗಲಿಯಲ್ಲಿ ಕೂತು, ಅಂಗಳ ನೋಡುತ್ತಾ ಮಾತು ತೆಗೆದ.

“ಅಮ್ಮ, ಒಂದು ಕೇಳುದು. ನಿನಗೆ ಹುಡುಗಿ ಬೇಕಿತ್ತು, ಅಲ್ವಾ?”

“ಯಾರು ಹೇಳಿದ್ದು ನಿನಗೆ?”

“ಮಾವನ ಲೇಖನ ಓದಿದ್ದೇನೆ. ಒಂಬತ್ತನೇ ಕ್ಲಾಸಿನಲ್ಲೇ. ಲೈಬ್ರರಿಯಲ್ಲಿತ್ತು.”

“ನನಗೆ ಬದುಕುವ ಮಗು ಬೇಕಿತ್ತು ಶ್ಯಾಮ. ಗಂಡೋ ಹೆಣ್ಣೋ, ಬದುಕುವ ಮಗು.”

“ಮತ್ತೆ ಜಡೆ ಕತ್ತರಿಸಿದ ಮೇಲೆ ನೀನು ನನ್ನ ಹತ್ತಿರ ಬರಲೇ ಇಲ್ಲ ಎಂತಕ್ಕೆ?”

“ಬಂದಿದ್ದೆ ಮಗ.”

“ಅದು ಗೊತ್ತುಂಟು” ಎಂದ. “ಇಚಿಲಂಪಾಡಿಯ ಕಡವಿಗೆ. ನೀನು ದೋಣಿ ಕಾಯುತ್ತಾ ಆಚೆ ದಡದಲ್ಲಿ, ನಾನು ಈಚೆ. ನಾನು ಕೈ ಎತ್ತಿದೆ. ಚಡ್ಡಿ ಹಾಕಿದ ನನ್ನನ್ನು ನೀನು ನೋಡಿದಿ, ತಿರುಗಿ ಹೋದಿ. ನಾನು ಹುಡುಗ ಆದದ್ದು ನಿನಗೆ ಆಗಲಿಲ್ಲ ಅಂತ ಆವತ್ತೇ ಗೊತ್ತಾಯ್ತು ನನಗೆ.”

ಮೋಹನ, ನಾನು ಹೋದದ್ದು ನಿಜ. ೧೯೫೫ರ ಅಕ್ಟೋಬರ್, ಮಳೆ ಕಡಿಮೆಯಾಗಿ ದೋಣಿ ಶುರುವಾದ ವಾರ. ನಿನಗೆ ತಿಳಿಸಿರಲಿಲ್ಲ. ಅವನು ಕೈ ಎತ್ತಿದ್ದನ್ನು ನಾನು ಕಂಡೆ. ನಿನ್ನ ಕಾಗದ ಸೆರಗಿನ ಗಂಟಿನಲ್ಲಿತ್ತು. ‘ದೂರದಿಂದ ಕಂಡರೂ ಮಾಡಿದ್ದೆಲ್ಲ ಹಾಳು.’ ಹರಕೆ ಮುರಿದದ್ದು ಒಂದು, ಇದೂ ಮುರಿದರೆ ಮಗು ಎಲ್ಲಿ ಉಳಿಯುತ್ತದೆ ಎಂದು ಓಡಿದೆ. ನನ್ನ ಹರಕೆಯಷ್ಟೇ ಭಯದಿಂದ ನಿನ್ನ ಶಾಸ್ತ್ರವನ್ನೂ ಪಾಲಿಸಿದೆ. ಅಷ್ಟು ಓದಿದ ನಾನು.

ಇದೆಲ್ಲವನ್ನೂ ಅವನಿಗೆ ಹೇಳಿದೆ. ಏಳು ವರ್ಷದ ಹರಕೆ ಹೇಳಿದೆ. ಕೇಳಿದ. ಬೇಸರ ಮಾಡಿಸಬಾರದೆಂದು ತಲೆಯಾಡಿಸಿದ. ಕೊನೆಗೆ, “ಹಾಗೆ ಮಾವ ಬರೆದಿಲ್ಲ ಅಲ್ವಾ ಅಮ್ಮ” ಎಂದು ಮೂರು ಗಂಟೆಯ ಬಸ್ಸಿಗೆ ಎದ್ದ.

ನನಗೆ ಬೇಕಾದದ್ದು ಎರಡು ಸಾಲು. ‘ನಿನ್ನ ತಾಯಿ ಹೇಳಿದ್ದು ನಿಜ. ನಿನ್ನನ್ನು ನೋಡಬಾರದೆಂದು ಅವಳನ್ನು ತಡೆದವ ನಾನು.’ ನಿನ್ನ ಹೆಸರು ಹಾಕಿ ಅವನಿಗೆ ಬರೆ. ಲೇಖನ ತಿದ್ದಬೇಡ, ಯಾರಿಗೂ ಹೇಳಬೇಡ. ಹಾಸ್ಟೆಲಿನ ವಿಳಾಸ ಬೇರೆ ಚೀಟಿಯಲ್ಲಿದೆ. ನಾನು ನಿನ್ನಲ್ಲಿ ಹೆಚ್ಚೇನೂ ಕೇಳಿದವಳಲ್ಲ.

ಅಕ್ಕ

*

ಮದ್ರಾಸು
೨೦-೮-೧೯೬೬

ಪ್ರಿಯ ಅಕ್ಕ,

ಸಮ್ಮೇಳನಕ್ಕೆ ದಿಲ್ಲಿಗೆ ಹೋಗಿದ್ದೆ. ನಿನ್ನ ಕಾಗದ ಓದಿ ಮನಸ್ಸಿಗೆ ಕಷ್ಟವಾಯಿತು.

ಎರಡು ಸಾಲು ಎನ್ನುವುದು ಸುಲಭ. ಆದರೆ ಒಬ್ಬ ತರುಣನ ಕೈಗೆ ಹಾಗೆ ಬರೆದು ಕೊಟ್ಟರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ, ಹೇಳಲಾಗದು. ‘ಶ’ನ ಪ್ರಕರಣ ಈಗ ನನ್ನ ಪುಸ್ತಕದ ನಾಲ್ಕನೇ ಅಧ್ಯಾಯ. ಎರಡನೇ ಮುದ್ರಣದಲ್ಲಿ ಒಂದು ಅಡಿಟಿಪ್ಪಣಿ ಸೇರಿಸುವ ವಿಚಾರವಿದೆ. ಶ್ಯಾಮನಿಗೆ ಮನಸ್ಸಿನಲ್ಲಿ ತೊಡಕಿದ್ದರೆ ಇಲ್ಲಿಗೆ ಕಳಿಸು. ಹತ್ತು ಹನ್ನೆರಡು ಸಲ ಕೂತು ಮಾತಾಡಿದರೆ ತಿಳಿಯಾಗುತ್ತಾನೆ. ಮನೆಯವನೆಂದು ಫೀಸು ತೆಗೆದುಕೊಳ್ಳುವುದಿಲ್ಲ.

ಕೃಷ್ಣಮೋಹನ

*

ಬೆಳ್ಳಾರೆ
೬-೧೧-೧೯೬೬

ಮೋಹನ,

ನೀನು ಬರೆಯಲಿಲ್ಲ. ನಾನೇ ಬರೆದೆ.

ನಿನಗೆ ಅಕ್ಷರ ತಿದ್ದಿಸಿದವಳು ನಾನು. ನಿನ್ನ ‘ಕ’ ಇವತ್ತಿಗೂ ನನ್ನ ‘ಕ’ದ ಹಾಗೆಯೇ ಹೊಟ್ಟೆ ದಪ್ಪ. ಸಹಿಯೊಂದನ್ನು ಮಾತ್ರ ನಾಲ್ಕು ದಿನ ಅಭ್ಯಾಸ ಮಾಡಬೇಕಾಯಿತು. ಎರಡು ಸಾಲು ಎಂದಿದ್ದೆ, ನಾಲ್ಕಾಯಿತು. ಹರಕೆ ಏಳು ವರ್ಷದ್ದೆಂದು ಅಕ್ಕ ನನಗೆ ಬರೆದಿದ್ದಳು, ಅದನ್ನು ನಾನು ಮುಚ್ಚಿಟ್ಟೆ ಎಂದು. ಅವಳು ಕಡವಿನಿಂದ ತಿರುಗಿದ್ದು ನನ್ನ ಮಾತಿಗೆ ಹೆದರಿ ಎಂದು. ನಾನು ತಪ್ಪು ಮಾಡಿದೆ ಎಂದು. ಮನೆ ಬದಲಿಸುತ್ತಿದ್ದೇನೆ, ಉತ್ತರವನ್ನು ಅಕ್ಕನ ವಿಳಾಸಕ್ಕೆ ಹಾಕು ಎಂದು. ಕೆಳಗೆ ನಿನ್ನ ಹೆಸರು, ಹೆಸರಿನ ಹಿಂದೆ ಡಾಕ್ಟರ್. ಉಸ್ಮಾನ್ ಜವಳಿ ಖರೀದಿಗೆ ಮದ್ರಾಸಿಗೆ ಹೋದವ ಅಲ್ಲಿಯೇ ಪೋಸ್ಟು ಮಾಡಿದ. “ಇದು ಹರಾಂ ಅಲ್ವಾ ಅಮ್ಮ?” ಎಂದು ಕೇಳಿದ್ದ. “ಹೌದು, ನೀನು ಡಬ್ಬಿಗೆ ಹಾಕು” ಎಂದೆ.

ಇಷ್ಟು ವರ್ಷದಲ್ಲಿ ನಿನ್ನ ಹೆಸರಿನಲ್ಲಿ ಹೊರಟ ನಿಜ ಇದೊಂದೇ. ಅದನ್ನು ಬರೆದವಳು ಮೋಸಗಾತಿ.

ನಿನ್ನೆ ಉತ್ತರ ಬಂತು. ನಿನ್ನ ಹೆಸರಿಗೇ. ನಾನು ಒಡೆದು ಓದಿದೆ. ನಿನಗೆ ಸೇರಬೇಕಾದ್ದರಿಂದ ನಕಲು ಮಾಡಿ ಕಳಿಸುತ್ತಿದ್ದೇನೆ:

‘ಪೂಜ್ಯ ಮಾವನವರಿಗೆ, ನಿಮ್ಮ ಪತ್ರ ಹತ್ತು ಸಲ ಓದಿದೆ. ಅಮ್ಮ ಇದನ್ನೇ ಹೇಳಿದ್ದಳು, ಆದರೆ ಅವಳು ಹೇಳುವಾಗ ನನಗೆ ನಂಬಲು ಆಗಲಿಲ್ಲ. ನಮ್ಮ ಮನೆಯಲ್ಲಿ ಇಷ್ಟು ವರ್ಷಕ್ಕೆ ನನಗೆ ಸತ್ಯ ಹೇಳಿದವರು ನೀವೊಬ್ಬರೇ. ಬರುವ ಆದಿತ್ಯವಾರ ಅಮ್ಮನ ಬಳಿಗೆ ಹೋಗುತ್ತೇನೆ. ಅವಳಿಗೆ ಏನು ಹೇಳಬೇಕೋ ಗೊತ್ತಿಲ್ಲ. ನಿಮ್ಮ ಉಪಕಾರವನ್ನು ಮರೆಯುವುದಿಲ್ಲ.’

ಆದಿತ್ಯವಾರ ಬರುತ್ತಾನೆ. ಅಡುಗೆಮನೆಯಲ್ಲಿ ಕೂತು ನಿನ್ನ ದೊಡ್ಡತನವನ್ನು ಹೊಗಳುತ್ತಾನೆ. ನಾನು ದೋಸೆ ಹಾಕುತ್ತಾ, ಹೌದು, ನಿನ್ನ ಮಾವ ಒಳ್ಳೆಯವನು ಎಂದು ಹೇಳುತ್ತೇನೆ. ಬದುಕಿರುವವರೆಗೆ ಹೇಳುತ್ತೇನೆ. ನೀನು ಸುಮ್ಮನಿರು. ಅದೊಂದನ್ನು ಮಾಡು.

ಮೂಕಾಂಬಿಕಾ